ಚೀನಾದ ಕಂಬದಲ್ಲಿ ನಮ್ಮ ಮನೆದೇವರು

ಈ ಪ್ರವಾಸಕ್ಕೆ ಎಷ್ಟು ಖರ್ಚಾಯಿತು ಎಂದು ಎಲ್ಲರೂ ಕೇಳುತ್ತಾರೆ. ಮೊದಲೇ ಹೇಳಿಬಿಡುತ್ತೇನೆ: ಒಂದು ಜೊತೆ ಕಲ್ಲಿನ ಸಿಂಹ. ಬಸ್ ಚಾರ್ಜು, ದೇವಸ್ಥಾನದ ಟಿಕೆಟ್ಟು ಲೆಕ್ಕಕ್ಕೆ ಹಿಡಿಯುವಂಥದ್ದಲ್ಲ. ಸಿಂಹಗಳದ್ದೇ ಖರ್ಚು. ಅದೂ ಮಾರುವವನು ಕ್ಯಾಲ್ಕುಲೇಟರಿನಲ್ಲಿ ಒತ್ತಿ ತೋರಿಸಿದ ಮೊದಲ ರೇಟಿಗೇ, ಒಂದು ಪೈಸೆ ಇಳಿಸದೆ.

ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಕನಕಪುರ ರಸ್ತೆಯ ಗ್ರಾನೈಟ್ ವ್ಯಾಪಾರಿಗಳ ನಡುವೆ ನನಗೊಂದು ಅಡ್ಡಹೆಸರಿದೆ. ಹೆಂಗಸರು ಮಕ್ಕಳು ಓದುವ ಬರಹದಲ್ಲಿ ಅದನ್ನು ಹಾಕುವಂತಿಲ್ಲ. ಹೂವಿನವಳ ಹತ್ತಿರ ಮೊಳದ ಮೇಲೊಂದು ಗೇಣು ಸೇರಿಸಿಕೊಳ್ಳದೆ ಎದ್ದು ಬಂದವನಲ್ಲ ನಾನು. ಅಂಥವನು ಪರದೇಶದಲ್ಲಿ ಬಾಯಿ ಮುಚ್ಚಿಕೊಂಡು ಕೇಳಿದಷ್ಟು ಕೊಟ್ಟು ಬಂದದ್ದು ಯಾಕೆ ಎಂಬುದನ್ನು ಹೇಳುತ್ತೇನೆ. ಹೇಳಿದ ಮೇಲೆ ನಿಮ್ಮಲ್ಲಿ ಹೋಗುವವರಿಗೆ ನಾಲ್ಕು ಮಾತು ಬುದ್ಧಿಯನ್ನೂ ಹೇಳುತ್ತೇನೆ. ಅದಕ್ಕೆ ಚಾರ್ಜಿಲ್ಲ.

ಜರಗನಹಳ್ಳಿ

ನಾವು ಜರಗನಹಳ್ಳಿಯ ಮೂಲದವರು. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲವೆಲ್ಲ ಲೇಔಟಿಗೆ ಹೋದ ಮೇಲೆ ಉಳಿದ ಒಂದು ತುಂಡಿನಲ್ಲಿ ನಾನು ಶೀಟು ಹೊದಿಸಿಕೊಂಡು ಕಲ್ಲು ಮಾರಲು ಕೂತೆ. ಜೆ.ಪಿ. ನಗರ, ಬನಶಂಕರಿ ಕಡೆಯವರು ಅಡಿಗೆಮನೆಯ ಕಡಪ ಕಲ್ಲನ್ನು ಕೀಳಿಸಿ ಗ್ರಾನೈಟ್ ಹಾಕಿಸುತ್ತಿದ್ದ ಕಾಲ. ವ್ಯಾಪಾರ ಕುದುರಿತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಪಾಲಿಶ್ ಮಷೀನು, ಕಲ್ಲು ಕುಯ್ಯುವ ಬ್ಲೇಡು ಎಲ್ಲ ಚೀನಾದಿಂದ ಬರತೊಡಗಿದವು. ನಡುವಿನ ಏಜೆಂಟು ಹೇಳುವ ರೇಟು ಕೇಳಿ ನನಗೆ ನಿದ್ದೆ ಬರುತ್ತಿರಲಿಲ್ಲ. ನಾನೇ ಹೋಗಿ ತರುತ್ತೇನೆಂದು ಪಾಸ್‌ಪೋರ್ಟ್ ಮಾಡಿಸಿದೆ. ಶಿಯಾಮೆನ್ ಎಂಬ ಬಂದರಿನ ಊರಿಗೆ ಹೋಗಬೇಕಿತ್ತು.

ಹೆಂಡತಿ ಸರೋಜಳನ್ನೂ ಕರೆದುಕೊಂಡು ಹೋಗುವ ಆಸೆ. ಶೀಟಿನ ಅಂಗಡಿಯ ಕಾಲದಲ್ಲಿ ಕಲ್ಲಿನ ಧೂಳಿನಲ್ಲೇ ಕೂತು ಗಿರಾಕಿಗಳನ್ನು ಹಿಡಿದು ನಿಲ್ಲಿಸಿದವಳು ಅವಳು. ಅವಳ ತಕರಾರು ವಿಮಾನದ್ದಲ್ಲ, ಊಟದ್ದೂ ಅಲ್ಲ. ಶನಿವಾರದ್ದು.

ನಮ್ಮ ಮನೆದೇವರು ನರಸಿಂಹಸ್ವಾಮಿ. ಮಗಳು ಚಿಕ್ಕವಳಿದ್ದಾಗ ಕಾಮಾಲೆ ಬಂದು ಡಾಕ್ಟರೇ ತಲೆ ಅಲ್ಲಾಡಿಸಿದ್ದರು. ಆಗ ಸರೋಜ ಹರಕೆ ಹೊತ್ತಳು: ಮಗು ಎದ್ದು ಕೂತರೆ ಇನ್ನು ಮೇಲೆ ಶನಿವಾರ ಸ್ವಾಮಿಯನ್ನು ಕಲ್ಲಿನಲ್ಲಿ ಕಣ್ಣಾರೆ ನೋಡದೆ ಬಾಯಿಗೆ ಅನ್ನ ಹಾಕುವುದಿಲ್ಲ. ಮಗು ಎದ್ದು ಕೂತಿತು. ಈಗ ಜಯನಗರದಲ್ಲಿ ಕಾಲೇಜಿಗೆ ಹೋಗುತ್ತಾಳೆ, ನನ್ನ ಸ್ಕೂಟರ್ ಓಡಿಸುತ್ತಾಳೆ. ಅಂದಿನಿಂದ ಸರೋಜ ಒಂದು ಶನಿವಾರವೂ ತಪ್ಪಿಸಿಲ್ಲ. ಜ್ವರ ಬಂದರೂ ಆಟೋದಲ್ಲಿ ದೇವಸ್ಥಾನಕ್ಕೆ ಹೋಗಿ ಬಂದು ಆಮೇಲೆ ಗಂಜಿ ಕುಡಿದವಳು.

"ಒಂದು ಶನಿವಾರ ಫೋಟೋ ನೋಡಿ ಊಟ ಮಾಡಿದ್ರಾಯ್ತಲ್ಲ ಕಣೆ" ಎಂದೆ.

"ಫೋಟೋ ನೋಡ್ಕೊಂಡು ತಿನ್ನೋದಾಗಿದ್ರೆ ಹರಕೆ ಯಾಕೆ, ಕ್ಯಾಲೆಂಡರ್ ಅಂಗಡಿ ಇಡ್ತಿದ್ದೆ" ಎಂದಳು.

ಆ ವಾರದಲ್ಲೇ ಯಡಿಯೂರಿನಿಂದ ಒಬ್ಬ ನಿವೃತ್ತ ಇತಿಹಾಸದ ಮೇಷ್ಟ್ರು ಅಡಿಗೆಕಟ್ಟೆಗೆ ಕಲ್ಲು ಆರಿಸಲು ಬಂದರು. ನಾನು ಶಿಯಾಮೆನ್‌ಗೆ ಹೋಗುವ ಸುದ್ದಿ ಹೇಳಿದ್ದೇ ತಡ, ಕಲ್ಲು ಬಿಟ್ಟು ಕುರ್ಚಿ ಎಳೆದುಕೊಂಡರು.

"ಅದರ ಪಕ್ಕದಲ್ಲೇ ಚುವಾನ್‌ಝೌ ಅಂತ ಹಳೇ ಬಂದರಿದೆ ಕಣ್ರೀ. ಏಳುನೂರು ವರ್ಷದ ಹಿಂದೆ ತಮಿಳು ವ್ಯಾಪಾರಿಗಳು ಅಲ್ಲಿ ಇದ್ರು. ದೇವಸ್ಥಾನನೂ ಕಟ್ಟಿದ್ರು. ಅದು ಬಿದ್ದುಹೋಯ್ತು. ಅದರ ಎರಡು ಕಂಬ ಮಾತ್ರ ಊರೊಳಗಿನ ದೊಡ್ಡ ಬೌದ್ಧ ದೇವಸ್ಥಾನದಲ್ಲಿ ಈಗ್ಲೂ ಇವೆ. ಕೃಷ್ಣ ಇದಾನೆ, ನರಸಿಂಹ ಇದಾನೆ ಅಂತ ಓದಿದೀನಿ."

"ಓದಿದೀನಿ ಅಂದ್ರೆ? ನೋಡಿಲ್ವಾ ಸಾರ್?"

"ಮೇಷ್ಟ್ರ ಪೆನ್ಶನ್ನಲ್ಲಿ ಚೀನಾ ನೋಡೋಕ್ಕಾಗುತ್ತೇನ್ರೀ? ಅದಕ್ಕೇ ಹೇಳ್ತಿರೋದು, ಸ್ಲ್ಯಾಬಿನ ರೇಟು ಸ್ವಲ್ಪ ನೋಡಿ ಹಾಕಿ."

ನೋಡಿ ಹಾಕಿದೆ. ಮನೆಗೆ ಹೋಗಿ ಸರೋಜಳಿಗೆ ಮಾತು ಕೊಟ್ಟೆ. "ಶನಿವಾರ ನಿಂಗೆ ಸ್ವಾಮಿನ ಕಲ್ಲಿನಲ್ಲೇ ತೋರಿಸ್ತೀನಿ." ಅವಳು "ಮಾತು ಕೊಟ್ಟಿದೀರಾ. ವ್ಯಾಪಾರದ ಮಾತಲ್ಲ ಇದು" ಎಂದು ಪೆಟ್ಟಿಗೆ ತುಂಬಲು ಎದ್ದಳು.

ಶಿಯಾಮೆನ್

ಮಷೀನಿನ ಕೆಲಸ ಶುಕ್ರವಾರಕ್ಕೆ ಮುಗಿಯಿತು. ಭಾನುವಾರ ಬೆಳಿಗ್ಗೆ ವಾಪಸ್ ವಿಮಾನ. ನಡುವೆ ಇದ್ದದ್ದು ಅದೊಂದೇ ಶನಿವಾರ.

ಹೋಟೆಲಿನವರು ಕಾರು ಮತ್ತು ಗೈಡ್ ಕೊಡುತ್ತೇವೆ ಎಂದರು. ರೇಟು ಕೇಳಿ, ನಾನು ದೇವಸ್ಥಾನ ನೋಡಬೇಕೆಂದದ್ದು, ಕೊಳ್ಳಬೇಕೆಂದಲ್ಲ ಎಂದೆ. ಬಸ್ಸಿದೆಯಂತೆ, ಬಸ್ಸಿಗೇ ಹೋಗೋಣ ಎಂದು ತೀರ್ಮಾನಿಸಿದೆವು. ಕೌಂಟರಿನ ಹುಡುಗಿ ಒಳ್ಳೆಯವಳು. ಒಂದು ಚೀಟಿಯಲ್ಲಿ ಊರಿನ ಹೆಸರು, ಇನ್ನೊಂದರಲ್ಲಿ ದೇವಸ್ಥಾನದ ಹೆಸರು ಚೀನೀ ಅಕ್ಷರದಲ್ಲಿ ಬರೆದುಕೊಟ್ಟಳು. ಊರಿನ ಚೀಟಿಯನ್ನು ಪರ್ಸಿಗೆ, ದೇವಸ್ಥಾನದ ಚೀಟಿಯನ್ನು ಶರ್ಟಿನ ಜೇಬಿಗೆ ಹಾಕಿಕೊಂಡೆ. ಅವಳು ಹೆಸರನ್ನು ಬಾಯಿಯಲ್ಲೂ ಹೇಳಿದಳು. ಚೀಟಿ ಇದೆಯಲ್ಲ ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಬೆಳಿಗ್ಗೆ ಬಸ್ಸಿನಲ್ಲಿ ನಮ್ಮನ್ನು ಬಿಟ್ಟು ಎಲ್ಲರ ಕೈಯಲ್ಲೂ ಒಂದೊಂದು ಗಾಜಿನ ಬಾಟಲಿ. ಒಳಗೆ ಬಿಸಿನೀರು, ತಳದಲ್ಲಿ ಸೊಪ್ಪಿನಂತೆ ಅರಳಿದ ಟೀ ಎಲೆ. ನೀರು ಮುಗಿದರೆ ಮತ್ತೆ ಬಿಸಿನೀರು ಹುಯ್ಯುತ್ತಾರೆ, ಎಲೆ ಅದೇ. ಒಂದೇ ಎಲೆಯಲ್ಲಿ ದಿನವೆಲ್ಲ ಟೀ ಕುಡಿಯುವ ಜನರ ಹತ್ತಿರ ನಾನು ಮಷೀನಿಗೆ ರೇಟು ಇಳಿಸಿಕೊಂಡು ಬಂದಿದ್ದೇನಲ್ಲ ಎಂದು ನನಗೆ ನನ್ನ ಮೇಲೇ ಗೌರವ ಬಂತು.

ಪಕ್ಕದ ಸೀಟಿನ ಅಜ್ಜಿ ಸರೋಜಳ ರೇಷ್ಮೆ ಸೀರೆಯ ಸೆರಗನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದಳು. ನಮ್ಮ ಚಿಕ್ಕಪೇಟೆಯಲ್ಲಿ ಹೆಂಗಸರು ನೋಡುತ್ತಾರಲ್ಲ, ಥೇಟ್ ಹಾಗೇ. ಆಮೇಲೆ ಹಣೆಯ ಕುಂಕುಮ ತೋರಿಸಿ ಏನೋ ಕೇಳಿ, ಚೀಲದಿಂದ ಆವಿಯಲ್ಲಿ ಬೇಯಿಸಿದ ಬನ್ನು ತೆಗೆದು ಕೊಟ್ಟಳು. ಸರೋಜ ಕೈಮುಗಿದು ಬೇಡವೆಂದಳು. ಅಜ್ಜಿ ಬಿಡಲಿಲ್ಲ. ಕೊನೆಗೆ ಬನ್ನು ನನ್ನ ಪಾಲಿಗೆ ಬಂತು.

"ನೀವಾದ್ರೂ ತಿನ್ನಿ. ನಿಮ್ಗೇನು ಹರಕೆ ಇದ್ಯಾ" ಎಂದು ಸರೋಜ ಕಿಟಕಿ ಕಡೆ ತಿರುಗಿದಳು. ಅವಳಿಗೆ ಬಿಸಿನೀರು ಮಾತ್ರ ನಡೆಯುತ್ತದೆ. ಎರಡು ವರ್ಷದಿಂದ ಬಿ.ಪಿ. ಮಾತ್ರೆ ಬೇರೆ. ಹೊತ್ತು ಮೀರಿದರೆ ತಲೆ ಸುತ್ತುತ್ತದೆ. ಊರಿನಲ್ಲಾದರೆ ಬೆಳಿಗ್ಗೆ ಎದ್ದು ದೇವಸ್ಥಾನಕ್ಕೆ ಹೋಗಿ ತಿಂಡಿಯ ಹೊತ್ತಿಗೆ ಮನೆಯಲ್ಲಿರುತ್ತಾಳೆ. ಇಲ್ಲಿ ಸ್ವಾಮಿ ಬಸ್ಸಿನ ದಾರಿಯಷ್ಟು ದೂರ.

ಚುವಾನ್‌ಝೌ ಬಸ್ ಸ್ಟ್ಯಾಂಡ್

ಇಳಿದ ಕೂಡಲೇ ಟ್ಯಾಕ್ಸಿಯವರು ಮುತ್ತಿಕೊಂಡರು. ನಾನು ದೊಡ್ಡಸ್ತಿಕೆಯಿಂದ ಜೇಬಿಗೆ ಕೈ ಹಾಕಿದೆ. ಚೀಟಿ ಇರಲಿಲ್ಲ. ಬದಲಿಗೆ ಹತ್ತಿಯಂಥ ಒಂದು ಸಣ್ಣ ಉಂಡೆ ಬೆರಳಿಗೆ ಸಿಕ್ಕಿತು.

"ಸರೋಜ, ಈ ಶರ್ಟು…"

"ನಿನ್ನೆ ರಾತ್ರಿ ಒಗೆದು ಹಾಕ್ದೆ. ಸ್ವಾಮಿ ಹತ್ರ ಮೈಲಿಗೆ ಬಟ್ಟೇಲಿ ಬರ್ತೀರಾ? ಕಾರ್ಖಾನೆ ಗ್ರೀಸೆಲ್ಲ ಮೆತ್ಕೊಂಡಿತ್ತು. ಇಸ್ತ್ರಿನೂ ಮಾಡಿದೀನಿ. ಯಾಕೆ?"

ಉಂಡೆ ತೋರಿಸಿದೆ. ಬಿಡಿಸಿದರೆ ಪುಡಿಯಾಯಿತು. ಅವಳು ನೋಡಿದಳು, ನಾನು ನೋಡಿದೆ, ಟ್ಯಾಕ್ಸಿಯವರೂ ಬಗ್ಗಿ ನೋಡಿದರು.

ಇಂಥ ಹೊತ್ತಿನಲ್ಲಿ ಗಂಡ ಹೆಂಡತಿ ಜಗಳವಾಡಬಾರದು, ಅದಕ್ಕೆ ವಾಪಸ್ ಬಸ್ಸಿನಲ್ಲಿ ಬೇಕಾದಷ್ಟು ಸಮಯವಿರುತ್ತದೆ. ನಾನು 'ಟೆಂಪಲ್ ಟೆಂಪಲ್' ಎಂದೆ. ಕೈಮುಗಿದು ತೋರಿಸಿದೆ. ಅವರೂ ತಿರುಗಿ ಕೈಮುಗಿದರು. ಕಂಬವನ್ನು ಕೈಯಲ್ಲಿ ಬರೆದು ತೋರಿಸಿದೆ. ಒಬ್ಬ ದೀಪದ ಕಂಬ ತೋರಿಸಿದ. ಆಗ ಸರೋಜ ತನ್ನ ಪರ್ಸಿನಿಂದ ಸ್ವಾಮಿಯ ಸಣ್ಣ ಫೋಟೋ ತೆಗೆದು ಬೀಡಿ ಸಿಗರೇಟಿನ ಗೂಡಂಗಡಿಯ ಹೆಂಗಸಿನ ಮುಂದೆ ಹಿಡಿದಳು. ಇದು ಬೇಕು, ಇದು ಎಲ್ಲಿದೆ ಎಂದು ಸನ್ನೆ ಮಾಡಿದಳು. ನಾನು ನಮ್ಮ ಗುರುತಿಗೆ ಇರಲಿ ಎಂದು ವಿಸಿಟಿಂಗ್ ಕಾರ್ಡು ಕೊಟ್ಟೆ. ಅದರ ಮೇಲೆ ಗ್ರಾನೈಟ್ ಚಪ್ಪಡಿಗಳ ಚಿತ್ರವಿದೆ.

ಅಂಗಡಿಯವಳು ಫೋಟೋದ ಸಿಂಹಮುಖ ನೋಡಿದಳು. ಕಾರ್ಡಿನ ಕಲ್ಲು ನೋಡಿದಳು. ಮುಖ ಅರಳಿತು. ನಮಗೆ ಎರಡು ಸ್ಟೂಲು ಕೊಟ್ಟು ಫೋನಿನಲ್ಲಿ ಯಾರಿಗೋ ಜೋರಾಗಿ ಹೇಳಿದಳು.

"ನೋಡಿದ್ಯಾ? ಫೋಟೋ ತೋರಿಸಿದ್ದಕ್ಕೆ ಗೊತ್ತಾಯ್ತು" ಎಂದೆ.

"ಫೋಟೋ ತಂದಿದ್ದು ಯಾರು?" ಎಂದಳು ಸರೋಜ.

ಸ್ವಲ್ಪ ಹೊತ್ತಿಗೆ ಒಂದು ವ್ಯಾನು ಬಂತು. ಇಳಿದವನು ನಲವತ್ತರ ಆಸುಪಾಸಿನ ಗಟ್ಟಿ ಆಳು, ಹೆಸರು ಚೆನ್. ಅಂಗಡಿಯವಳ ಮೈದುನನೋ ಭಾವನೋ ಇರಬೇಕು. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿ, ವ್ಯಾನಿನ ಬಾಗಿಲು ತೆಗೆದ. ರೇಟು ಕೇಳಿದೆ. ನಕ್ಕು ಕೈ ಅಲ್ಲಾಡಿಸಿದ. ದುಡ್ಡು ಬೇಡವಂತೆ! ನನ್ನ ವ್ಯಾಪಾರದ ಅನುಭವದಲ್ಲಿ ಪುಕ್ಕಟೆ ಕರೆದುಕೊಂಡು ಹೋಗುವವನ ಹಿಂದೆ ಹೋಗಬಾರದು. ಆದರೆ ಆ ದಿನ ನಾನು ವ್ಯಾಪಾರಕ್ಕೆ ಹೊರಟವನಲ್ಲವಲ್ಲ, ಹತ್ತಿದೆ.

ಹುಯ್ಯಾನ್, ಸಿಂಹಗಳ ಅಂಗಳ

ಊರು ಮುಗಿದು ಹೊಲ ಬಂತು. ಹೊಲ ಮುಗಿದು ಹುಯ್ಯಾನ್ ಎಂಬ ಊರು ಬಂತು, ರಸ್ತೆಯ ಎರಡೂ ಬದಿ ಕಲ್ಲಿನ ಕಾರ್ಖಾನೆಗಳು ಶುರುವಾದವು.

"ದೇವಸ್ಥಾನ ಊರೊಳಗಿದೆ ಅಂದ್ರಂತಲ್ಲ ಮೇಷ್ಟ್ರು?" ಎಂದಳು ಸರೋಜ.

"ನಮ್ಮಲ್ಲೂ ನರಸಿಂಹ ಬೆಟ್ಟ ಗುಡ್ಡದಲ್ಲೇ ಅಲ್ವೇನೆ ಇರೋದು. ಸುಮ್ನೆ ಕೂತ್ಕೋ."

ವ್ಯಾನು ನಿಂತಿತು. ಗೇಟಿನೊಳಗೆ ಕಣ್ಣು ಹಾಯಿಸಿದಷ್ಟು ದೂರ ಸಿಂಹ. ಕೂತ ಸಿಂಹ, ನಿಂತ ಸಿಂಹ, ಚೆಂಡಿನ ಮೇಲೆ ಕಾಲಿಟ್ಟ ಸಿಂಹ, ಮರಿಯನ್ನು ಅಂಗೈಯಡಿ ಒತ್ತಿಕೊಂಡ ಸಿಂಹ. ಅವುಗಳ ನಡುವೆ ಹೂವಿನ ರುಮಾಲು ಸುತ್ತಿ ಹಳದಿ ಬಿದಿರಿನ ಟೋಪಿ ಇಟ್ಟ ಹೆಂಗಸರು ಬಿದಿರಿನ ದೊಣ್ಣೆಗೆ ಕಲ್ಲು ಕಟ್ಟಿ ಇಬ್ಬಿಬ್ಬರಾಗಿ ಹೊರುತ್ತಿದ್ದರು. ಚೆನ್ ಎರಡೂ ಕೈ ಚಾಚಿ ಹೆಮ್ಮೆಯಿಂದ ಹೇಳಿದ: "ಲಯನ್! ಹೌ ಮೆನಿ ಕಂಟೇನರ್?"

ನನಗೆ ಆಗ ತಿಳಿಯಿತು. ಸಿಂಹದ ಮುಖದ ಫೋಟೋ, ಗ್ರಾನೈಟ್ ಅಂಗಡಿಯ ಕಾರ್ಡು. ನಾನು ಅವನ ಜಾಗದಲ್ಲಿದ್ದರೂ ಹಾಗೇ ತಿಳಿಯುತ್ತಿದ್ದೆ.

"ರೀ, ಇದೇನ್ರೀ ಸಿಂಹದ ಸಂತೆ? ಸ್ವಾಮಿ ಎಲ್ಲಿ?"

"ತಡಿ. ಈಗ ಕೇಳ್ತೀನಿ."

ಕೇಳುವುದು ಅಷ್ಟು ಸುಲಭವಿರಲಿಲ್ಲ. ಆ ಕಡೆ ಒಂದು ಪದ್ಧತಿಯಿದೆ. ವ್ಯಾಪಾರಕ್ಕೆ ಬಂದವನು ಮೊದಲು ಟೀಗೆ ಕೂರಬೇಕು. ಮರದ ದಿಮ್ಮಿಯನ್ನೇ ಕೆತ್ತಿ ಮಾಡಿದ ಟೇಬಲ್ಲು, ಹೆಬ್ಬೆಟ್ಟಿನಷ್ಟು ಲೋಟಗಳು. ಮೊದಲ ಟೀಯನ್ನು ಯಜಮಾನ ಲೋಟ ತೊಳೆಯಲೆಂದೇ ಚೆಲ್ಲುತ್ತಾನೆ. ಆಮೇಲೆ ನಿಧಾನವಾಗಿ ಹುಯ್ಯುತ್ತಾನೆ. ಕುಡಿಯುವಾಗ ಯಾರೂ ಕೆಲಸದ ಮಾತು ಎತ್ತುವುದಿಲ್ಲ. ನಮ್ಮಲ್ಲಿ ಬೈಟು ಕಾಫಿ ಕುಡಿಯುವುದರೊಳಗೆ ಸೈಟೇ ಮಾರಾಟವಾಗುತ್ತದೆ. ಅಲ್ಲಿ ಟೀ ಮುಗಿಯುವವರೆಗೆ ಬಾಯಿ ಬಿಡುವಂತಿಲ್ಲ.

ಟೀ ಮುಗಿಯುವುದು ಯಾವಾಗ? ಕೊಟ್ಟದ್ದನ್ನು ಉಳಿಸಬಾರದು ಎಂದು ನಮ್ಮ ಅವ್ವ ಹೇಳಿಕೊಟ್ಟ ಪಾಠ. ನಾನು ಲೋಟ ಖಾಲಿ ಮಾಡಿದೆ. ಅವನು ತುಂಬಿದ. ಮತ್ತೆ ಖಾಲಿ ಮಾಡಿದೆ, ಮತ್ತೆ ತುಂಬಿದ. ಇವನು ನಿಲ್ಲಿಸಲಿ ಎಂದು ನಾನು, ಇವನಿಗೆ ಇನ್ನೂ ಬೇಕೇನೋ ಎಂದು ಅವನು. ಸಾಕಾದವನು ತುಂಬಿದ ಲೋಟವನ್ನು ಮುಟ್ಟದೆ ಬಿಡಬೇಕಂತೆ. ಆಮೇಲೆ ಯಾರೋ ಹೇಳಿದರು. ನಡುವೆ ಅವನು ಎದ್ದು ಅಂಗಳದ ಒಂದು ಗುಲಾಬಿ ಬಣ್ಣದ ದಿಮ್ಮಿ ತೋರಿಸಿ "ಇಂಡಿಯಾ, ಇಂಡಿಯಾ" ಎಂದ. ನಿಜ, ಅದು ನಮ್ಮ ಕನಕಪುರದ ಕಡೆಯ ಕಲ್ಲೇ. ಹಡಗು ಹತ್ತಿ ಬಂದು ಇಲ್ಲಿ ಸಿಂಹವಾಗಲು ಕಾದು ನಿಂತಿತ್ತು. ಬೇರೆ ದಿನವಾಗಿದ್ದರೆ ಅದರ ರೇಟು ಕೇಳದೆ ನಾನು ಅಲ್ಲಿಂದ ಏಳುತ್ತಿರಲಿಲ್ಲ.

ಸರೋಜ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು. ಬಿಸಿಲು ಇಳಿಯತೊಡಗಿತ್ತು.

"ಏನಾದ್ರೂ ಬಾಯಿಗೆ ಹಾಕ್ಕೋ ಸರೋಜ. ಸ್ವಾಮಿ ಏನೂ ಅಂದ್ಕೊಳಲ್ಲ."

"ಸ್ವಾಮಿ ಅಂದ್ಕೊಳಲ್ಲ. ನಾನ್ ಅಂದ್ಕೋತೀನಿ."

ಆ ಹೊತ್ತಿಗೆ ಚೆನ್‌ನ ತಾಯಿ ಊಟ ತಂದರು. ಎಪ್ಪತ್ತು ದಾಟಿದ ಹೆಂಗಸು, ಅದೇ ಹೂವಿನ ರುಮಾಲು, ಬೆನ್ನು ಮಾತ್ರ ಇನ್ನೂ ನೆಟ್ಟಗೆ. ಅನ್ನ, ಮೀನು, ಎಂಥದೋ ಸೊಪ್ಪು. ಸರೋಜಳ ಬಟ್ಟಲಿಗೆ ತಾವೇ ಅನ್ನ ಹಾಕಿದರು. ಸರೋಜ ಬೇಡವೆಂದಳು. ಅವರು ಬಟ್ಟಲನ್ನು ಹತ್ತಿರ ತಳ್ಳಿದರು. ಸರೋಜ ಹಿಂದಕ್ಕೆ ತಳ್ಳಿದಳು. ಮುದುಕಿಯ ಮುಖ ಗಂಟಾಯಿತು. ನಮ್ಮ ಮನೆಗೆ ಬಂದವರು ಎಲೆ ಮುಟ್ಟದಿದ್ದರೆ ನಮ್ಮ ಅವ್ವ ಮಾಡುತ್ತಿದ್ದ ಮುಖವೇ ಅದು.

ಸರೋಜ ಆಗ ಫೋಟೋವನ್ನು ಟೇಬಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿದಳು. ಅದಕ್ಕೆ ಕೈಮುಗಿದು ಕಣ್ಣಿಗೆ ಒತ್ತಿಕೊಂಡಳು. ತನ್ನ ಕಣ್ಣು ತೋರಿಸಿದಳು, ಆಮೇಲೆ ಅಂಗಳದ ಕಲ್ಲು ತೋರಿಸಿದಳು, ಆಮೇಲೆ ಬಾಯಿ ತೋರಿಸಿ ತಲೆ ಅಲ್ಲಾಡಿಸಿದಳು. ಕನ್ನಡದಲ್ಲೇ ಹೇಳಿದಳು: "ಇವ್ನನ್ನ ನೋಡ್ದೆ ತಿನ್ನಲ್ಲ ತಾಯಿ."

ಮುದುಕಿ ಬಗ್ಗಿ ಫೋಟೋ ನೋಡಿದರು. ಎದ್ದು ಮೂಲೆಯ ಗೂಡಿನ ಹತ್ತಿರ ಹೋದರು. ಅಲ್ಲಿ ಅವರ ಮನೆಯ ದೇವಿಯ ಮೂರ್ತಿ ಇತ್ತು, ಮುಂದೆ ಕಿತ್ತಳೆ ಹಣ್ಣು. ಮೂರು ಊದುಕಡ್ಡಿ ಹಚ್ಚಿ ಎರಡೂ ಕೈಯಲ್ಲಿ ಹಣೆಗೆತ್ತಿ, ತಿರುಗಿ ಸರೋಜಳನ್ನು ನೋಡಿ ಹುಬ್ಬೇರಿಸಿದರು. ಹೀಗಾ? ಸರೋಜ ಜೋರಾಗಿ ತಲೆ ಆಡಿಸಿದಳು. ಹೂಂ, ಹೀಗೇ!

ಅಷ್ಟೇ. ಮುದುಕಿ ಮಗನ ಮೇಲೆ ತಿರುಗಿಬಿದ್ದರು. ನನಗೆ ಒಂದು ಪದ ತಿಳಿಯದಿದ್ದರೂ ಪೂರ್ತಿ ಅರ್ಥವಾಯಿತು. ಉಪವಾಸ ಇರೋ ಹೆಂಗಸನ್ನ ಕರ್ಕೊಂಡು ಬಂದು ಸಿಂಹ ಮಾರ್ತೀಯೇನೋ ಮೂರ್ಖ ಎಂಬುದಕ್ಕೆ ಯಾವ ಭಾಷೆಯಾದರೇನು? ಚೆನ್ ನನ್ನ ಕಾರ್ಡನ್ನೂ ಫೋಟೋವನ್ನೂ ಮತ್ತೆ ನೋಡಿದ. ಮುಖ ಇಳಿಯಿತು. ಕಂಟೇನರ್ ಇಲ್ಲ ಎಂಬುದು ಅವನಿಗೆ ತಿಳಿಯಿತು. ಮುದುಕಿ ಫೋಟೋದ ಸಿಂಹಮುಖ ಮುಟ್ಟಿ, ಇದು ಎಲ್ಲಿದೆ ಎಂದು ತನಗೆ ಗೊತ್ತು ಎನ್ನುವಂತೆ ಕೈಯಲ್ಲಿ ದೊಡ್ಡ ಗುಡಿಯ ಸೂರು ಬರೆದು ತೋರಿಸಿದರು. ಅವನು ವಾಚು ನೋಡಿಕೊಂಡು, "ಟೆಂಪಲ್. ಕ್ಲೋಸ್" ಎಂದು ಎರಡೂ ಅಂಗೈ ಸೇರಿಸಿ ಬಾಗಿಲು ಮುಚ್ಚುವುದನ್ನು ತೋರಿಸಿದ. ಹೊರಟರೂ ಸಿಗುವುದು ಅನುಮಾನ.

ಅಲ್ಲಿಂದ ಬಸ್ಸಿಲ್ಲ, ಟ್ಯಾಕ್ಸಿಯಿಲ್ಲ. ಇದ್ದದ್ದು ಅವನ ವ್ಯಾನು. ಅರ್ಧ ದಿನ ಹಾಳಾದ ವ್ಯಾಪಾರಿಗೆ ಪುಕ್ಕಟೆ ವ್ಯಾನು ಓಡಿಸು ಎಂದು ಇನ್ನೊಬ್ಬ ವ್ಯಾಪಾರಿ ಕೇಳುವುದು ಹೇಗೆ? ನಾನು ಗೇಟಿನ ಪಕ್ಕದ ಒಂದು ಜೊತೆ ಸಿಂಹ ತೋರಿಸಿದೆ. ಹೇಗೂ ನನ್ನ ಮಷೀನಿನ ಕಂಟೇನರಿನಲ್ಲಿ ಜಾಗವಿತ್ತು. ಅವನ ಕಣ್ಣಿಗೆ ಜೀವ ಬಂತು. ಕ್ಯಾಲ್ಕುಲೇಟರಿನಲ್ಲಿ ಒಂದು ಅಂಕಿ ಒತ್ತಿ ನನ್ನ ಕಡೆ ತಿರುಗಿಸಿದ. ಅದರಲ್ಲಿ ಅರ್ಧ ಒತ್ತಿ ವಾಪಸ್ ಕೊಡುವುದು ಅಲ್ಲಿನ ರೂಢಿ, ನನ್ನ ಹುಟ್ಟುಗುಣವೂ ಅದೇ. ಬೆರಳು ಅದರ ಮೇಲೆ ಹೋಯಿತು.

ಚೆನ್ ಅದನ್ನು ನೋಡಿ ಸಂತೋಷದಿಂದ ಕೆಟಲಿಗೆ ಹೊಸ ನೀರು ಹುಯ್ದ.

"ರೀ!" ಎಂದಳು ಸರೋಜ. "ಚೌಕಾಸಿ ಶುರು ಮಾಡಿದ್ರೆ ಇನ್ನೊಂದು ಸುತ್ತು ಟೀ. ಬೆರಳು ತೆಗೀರಿ."

ತೆಗೆದೆ. ದುಡ್ಡು ಎಣಿಸಿ ಇಟ್ಟೆ. ಚೆನ್ ನನಗಿಂತ ಹೆಚ್ಚು ಗಾಬರಿಯಾದ. ಮೊದಲ ರೇಟಿಗೇ ಒಪ್ಪಿದವನನ್ನು ಅವನು ಅದುವರೆಗೆ ಕಂಡಿರಲಿಕ್ಕಿಲ್ಲ.

ಕೈಯುವಾನ್ ದೇವಸ್ಥಾನ

ಮುದುಕಿಯೂ ಊದುಕಡ್ಡಿಯ ಕಟ್ಟು ಹಿಡಿದು ವ್ಯಾನು ಹತ್ತಿದರು. ಚೆನ್ ಓಡಿಸಿದ ರೀತಿಗೆ ನಮ್ಮ ಕನಕಪುರ ರಸ್ತೆಯ ಖಾಸಗಿ ಬಸ್ಸಿನವರು ಶಿಷ್ಯರಾಗಬೇಕು. ದಾರಿಯುದ್ದಕ್ಕೂ ಮುದುಕಿ ಸರೋಜಳ ಕೈ ಹಿಡಿದುಕೊಂಡೇ ಇದ್ದರು. ಕೈ ತಣ್ಣಗಾಗಿತ್ತು, ನಾನೂ ಮುಟ್ಟಿ ನೋಡಿದ್ದೆ.

ಮೇಷ್ಟ್ರು ಹೇಳಿದ್ದ ದೊಡ್ಡ ಬೌದ್ಧ ದೇವಸ್ಥಾನವೇ ಅದು, ಹೆಸರು ಕೈಯುವಾನ್ ಅಂತೆ. ಟಿಕೆಟಿನ ಕಿಟಕಿ ಮುಚ್ಚುತ್ತಿದ್ದರು. ಒಳಗಿನ ಹೆಂಗಸು ಆಗಲ್ಲ ಎಂದು ಕೈಯಾಡಿಸಿದಳು. ಚೆನ್ ಬೇಡಿಕೊಂಡ, ಆಗಲಿಲ್ಲ. ಮುದುಕಿ ಅವನನ್ನು ಪಕ್ಕಕ್ಕೆ ಸರಿಸಿ ಸರೋಜಳನ್ನು ಮುಂದೆ ನಿಲ್ಲಿಸಿ, ಅವಳ ಹೊಟ್ಟೆ ತೋರಿಸಿ, ಕಣ್ಣು ತೋರಿಸಿ, ಏನೋ ಹೇಳಿದರು. ಕಿಟಕಿ ತೆರೆಯಿತು.

ಒಳಗೆ ಎರಡು ಗೋಪುರ, ಪೂರ್ತಿ ಗ್ರಾನೈಟ್. ಮರದ ತೊಲೆ ಜೋಡಿಸಿದಂತೆ ಕಲ್ಲನ್ನು ಜೋಡಿಸಿದ್ದಾರೆ. ನನ್ನ ಕಾಲು ತಾನಾಗಿ ಆ ಕಡೆ ತಿರುಗಿತು.

"ನಿಮ್ಮ ಕಲ್ಲು ಆಮೇಲೆ" ಎಂದಳು ಸರೋಜ.

ದೊಡ್ಡ ಗುಡಿಯ ಮುಂದಿನ ಜಗಲಿಯ ಬುಡದಲ್ಲಿ ಸಾಲಾಗಿ ಕೆತ್ತನೆ. ಮುದುಕಿ ಹೆಮ್ಮೆಯಿಂದ ಬೆರಳು ಮಾಡಿ ತೋರಿಸಿದರು. ಸಿಂಹ, ಮನುಷ್ಯ, ಎರಡೂ ಒಂದೇ ಮೈಯಲ್ಲಿ! ನಾನು ಉಸಿರು ಬಿಟ್ಟೆ. ಸರೋಜ ಬಗ್ಗಿ ನೋಡಿ ಎದ್ದು ನಿಂತಳು.

"ಮುಖ ಮನುಷ್ಯಂದು, ಮೈ ಸಿಂಹದ್ದು. ಉಲ್ಟಾ ಇದು. ನಮ್ಮ ಸ್ವಾಮಿ ಅಲ್ಲ."

"ಹತ್ತಿರ ಹತ್ತಿರ ಅದೇ ಅಲ್ವೇನೆ? ಸಿಂಹನೂ ಇದೆ, ಮನುಷ್ಯನೂ ಇದಾನೆ. ಕಲ್ಲಿನಲ್ಲೇ ಇದೆ."

"ನಿಮ್ಮ ತಲೆ ತೆಗೆದು ಕಾಲಿನ ಜಾಗದಲ್ಲಿ ಇಟ್ರೆ ನೀವೂ ಹತ್ತಿರ ಹತ್ತಿರ ನೀವೇನಾ?"

ಕಾವಲುಗಾರ ಬೀಗದಕೈ ಗೊಂಚಲು ಆಡಿಸುತ್ತ ಬಂದ. ಮುಂದಿನ ಬಾಗಿಲುಗಳನ್ನು ಎಳೆದು ಹಾಕುತ್ತಿದ್ದರು. ಮೇಷ್ಟ್ರು ಕಂಬ ಎಂದಿದ್ದರು. ಕಂಬಗಳೋ, ಗುಡಿಯ ತುಂಬ ಕಂಬಗಳೇ. ಮುಂದಿನವನ್ನೆಲ್ಲ ನೋಡಿದೆವು, ಬರೀ ನುಣ್ಣಗಿದ್ದವು. ಕಾವಲುಗಾರ ಹೊರಗೆ ಹೊರಗೆ ಎಂದು ಕೈ ಬೀಸಿದ. ಸರೋಜ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೋಡೆಯ ಪಕ್ಕದ ದಾರಿ ಹಿಡಿದು ಗುಡಿಯ ಹಿಂಭಾಗಕ್ಕೆ ಹೊರಟಳು. ನಾನು ಹಿಂದೆ, ಮುದುಕಿ ನನ್ನ ಹಿಂದೆ, ಚೆನ್ ಆಮೇಲೆ, ಎಲ್ಲರ ಹಿಂದೆ ಬೀಗದಕೈ ಗೊಂಚಲು.

ಹಿಂದಿನ ಪಡಸಾಲೆಯಲ್ಲಿ ಎರಡು ಕಂಬಗಳ ಬಣ್ಣವೇ ಬೇರೆ. ಹಸಿರು ಮಿಶ್ರಿತ ಕಪ್ಪು ಕಲ್ಲು, ಹಲವು ಮುಖದ ಕಂಬ, ಮೇಲಿಂದ ಕೆಳಗೆ ಊಟದ ತಟ್ಟೆಯಷ್ಟು ದುಂಡನೆಯ ಚಿತ್ರಗಳು. ಒಂದರಲ್ಲಿ ಆನೆಯ ಕಾಲು ಹಿಡಿದ ಮೊಸಳೆ. ಇನ್ನೊಂದರಲ್ಲಿ ಎರಡು ಮರಗಳ ನಡುವೆ ಮಗು. ಎಷ್ಟೋ ತಲೆಮಾರಿನ ಹಿಂದೆ ಯಾವನೋ ವ್ಯಾಪಾರಿ, ನನ್ನ ಹಾಗೇ ಸರಕು ತರಲು ಬಂದವನು, ರೇಟು ಕುದುರಿಸಿ ಮಿಗಿಸಿದ ದುಡ್ಡಿನಲ್ಲಿ ಇದನ್ನು ಕೆತ್ತಿಸಿದ್ದಾನೆ.

"ಈ ಕಂಬದಲ್ಲಿದ್ದಾನಾ?" ಎಂದೆ.

"ಹಾಗ್ ಕೇಳ್ಬೇಡಿ. ಆ ಪ್ರಶ್ನೆ ಕೇಳಿದೋನ ಹೊಟ್ಟೆ ಏನಾಯ್ತು ಗೊತ್ತಲ್ಲ" ಎಂದು ಸರೋಜ ಕಂಬವನ್ನು ಸುತ್ತತೊಡಗಿದಳು.

ಒಂದು ಕಂಬದಲ್ಲಿ ಇರಲಿಲ್ಲ. ಎರಡನೆಯದರ ಹಿಂಬದಿಗೆ ಹೋದವಳು ನಿಂತುಬಿಟ್ಟಳು. ನಾನು ಹೋಗಿ ನೋಡಿದೆ. ಮುಖ ಸವೆದಿತ್ತು. ಕೇಸರವೋ ಕಿರೀಟವೋ ಹೇಳಲಾಗದು. ಆದರೆ ತೊಡೆಯ ಮೇಲೆ ಅಡ್ಡ ಮಲಗಿದವನು, ಅವನ ಹೊಟ್ಟೆಯೊಳಗೆ ಇಳಿದ ಎರಡು ಕೈಗಳು. ಅದಕ್ಕೆ ಮೇಷ್ಟ್ರು ಬೇಕಿಲ್ಲ.

ಸರೋಜ ಗಲ್ಲ ಗಲ್ಲ ತಟ್ಟಿಕೊಂಡಳು. ನೆಲಕ್ಕೆ ಬಗ್ಗಿ ನಮಸ್ಕಾರ ಮಾಡಿ ಏಳುವ ಹೊತ್ತಿಗೆ ತೂಗಾಡಿದಳು. ಒಂದು ತೋಳು ನಾನು ಹಿಡಿದೆ, ಇನ್ನೊಂದು ತೋಳು ಮುದುಕಿ.

"ಬಂದ್ವಿ ಸ್ವಾಮಿ" ಎಂದಷ್ಟೇ ಹೇಳಿದಳು.

ಸೆರಗಿನ ಗಂಟು ಬಿಚ್ಚಿದಳು. ಕಲ್ಲುಸಕ್ಕರೆ, ಒಣದ್ರಾಕ್ಷಿ. ಕಂಬದ ಮುಂದೆ ಅಂಗೈಯಲ್ಲಿ ಹಿಡಿದು ಕಣ್ಣು ಮುಚ್ಚಿದಳು. ಅಷ್ಟರಲ್ಲಿ ಕಾವಲುಗಾರ ಗದರುತ್ತ ಬಂದೇಬಿಟ್ಟ. ಮುದುಕಿ ತುಟಿಯ ಮೇಲೆ ಬೆರಳಿಟ್ಟರು. ಅವನು ನಿಂತ. ಸರೋಜ ಕಣ್ಣು ತೆರೆದವಳು ಎದುರಿಗೆ ಸಿಕ್ಕ ಮೊದಲ ಕೈಗೆ ಪ್ರಸಾದ ಹಾಕಿದಳು. ಅದು ಕಾವಲುಗಾರನ ಕೈ. ಅವನು ಕಲ್ಲುಸಕ್ಕರೆಯನ್ನು ಬೆಳಕಿಗೆ ಹಿಡಿದು ನೋಡಿ, ಟೋಪಿ ತೆಗೆದು, ಬಾಯಿಗೆ ಹಾಕಿಕೊಂಡ. ಮುದುಕಿಗೆ ಕೊಟ್ಟಳು, ಚೆನ್‌ಗೆ ಕೊಟ್ಟಳು. ಕಸ ಗುಡಿಸುತ್ತಿದ್ದ ಇಬ್ಬರು ಹೆಂಗಸರು ಪೊರಕೆ ಗೋಡೆಗೆ ಒರಗಿಸಿ ಬಂದು ಕೈಯೊಡ್ಡಿದರು. ಕಿಟಕಿ ಮುಚ್ಚಿ ಮನೆಗೆ ಹೊರಟಿದ್ದ ಟಿಕೆಟಿನ ಹೆಂಗಸೂ ಬಂದಳು.

ನನ್ನ ಸರದಿ ಬರುವ ಹೊತ್ತಿಗೆ ಗಂಟಿನಲ್ಲಿ ಒಂದೇ ತುಣುಕು ಉಳಿದಿತ್ತು. ಸರೋಜ ನನ್ನ ಕಡೆ ಚಾಚಿದಳು. ನಾನು ಅವಳ ಕೈಯನ್ನು ಅವಳ ಬಾಯಿಗೇ ತಿರುಗಿಸಿದೆ. ಅಗಿಯುವ ಸದ್ದು ಕೇಳಿತು. ಹೊರಗೆ ಬಂದು ದೇವಸ್ಥಾನದ ಎದುರಿನ ಬೀದಿಯಲ್ಲಿ ಅವಳು ಎರಡು ಬಟ್ಟಲು ಅನ್ನ ತಿಂದಳು. ಮುದುಕಿ ಎದುರಿಗೆ ಕೂತು, ಪ್ರತಿ ತುತ್ತಿಗೂ ತಲೆ ಆಡಿಸುತ್ತ ನೋಡಿದರು.

ಹೋಗುವವರಿಗೆ

ಗೈಡ್ ಬೇಡ, ಬಸ್ಸಿಗೇ ಹೋಗಿ. ಈಗಲೂ ನನ್ನ ಮಾತು ಅದೇ. ಚೀನೀ ಅಕ್ಷರದ ಚೀಟಿಯನ್ನು ಎರಡು ಬರೆಸಿ, ಒಂದನ್ನು ಹೆಂಡತಿಯ ಹತ್ತಿರ ಕೊಡಿ. ಹೆಂಗಸರು ತಮ್ಮ ಪರ್ಸನ್ನು ಒಗೆಯುವುದಿಲ್ಲ. ಬಾಯಿಯಲ್ಲಿ ಹೇಳಿಕೊಟ್ಟರೆ ಅದನ್ನೂ ಕಲಿಯಿರಿ. ದೇವರ ಫೋಟೋ ತೋರಿಸಿ ದಾರಿ ಕೇಳುವಾಗ ಅಂಗಡಿಯ ಕಾರ್ಡನ್ನು ಜೇಬಿನಲ್ಲೇ ಇಟ್ಟುಕೊಳ್ಳಿ. ಟೀ ಸಾಕಾದರೆ ಲೋಟ ತುಂಬಿಯೇ ಇರಲಿ. ಬೇರೆ ದಿನ ಎಷ್ಟು ಬೇಕಾದರೂ ಚೌಕಾಸಿ ಮಾಡಿ, ಅರ್ಧಕ್ಕಿಂತ ಕೆಳಗಿನಿಂದಲೇ ಶುರು ಮಾಡಿ, ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. ದೇವಸ್ಥಾನದಲ್ಲಿ ಮುಂದಿನ ಕಂಬಗಳಲ್ಲಿ ಹೊತ್ತು ಕಳೆಯದೆ ನೇರವಾಗಿ ಹಿಂಭಾಗದ ಪಡಸಾಲೆಗೆ ಹೋಗಿ, ಎರಡೂ ಕಂಬಗಳನ್ನು ಪೂರ್ತಿ ಸುತ್ತಿ.

ಕೊನೆಯದಾಗಿ, ಪ್ರಸಾದಕ್ಕೆ ಏನು ಒಯ್ದರೂ ನೀವು ಅಂದುಕೊಂಡದ್ದಕ್ಕಿಂತ ಹೆಚ್ಚಿಗೆ ಒಯ್ಯಿರಿ. ಗೊತ್ತಿಲ್ಲದ ಊರು, ಅಲ್ಲಿ ಯಾರು ಕೈಯೊಡ್ಡುತ್ತಾರೆ ಎಂದುಕೊಳ್ಳಬೇಡಿ. ಒಡ್ಡುತ್ತಾರೆ.